ಸ್ವಂತ ಬಿಸಿನೆಸ್ ಮಾಡುವ ಆಸೆ ರಕ್ತದಲ್ಲೇ ಬರುತ್ತದಾ?

ಕೆಲವು ದೇಶ, ಕೆಲವು ಸಮಾಜದ ವಿದ್ಯಾರ್ಥಿಗಳಿಗೆ ಮಾತ್ರ ಉದ್ಯಮದ ಆಸೆ ಜಾಸ್ತಿ ಯಾಕೆ, ಅದು ರಕ್ತದಲ್ಲೇ ಬರುತ್ತದಾ ಎಂದು ಕೇಳಿದ್ದೀರಿ. ಹಾಗಿದ್ದರೆ ನಮ್ಮ ಉಡುಪಿಯ ಹುಡುಗರೆಲ್ಲ ಇಷ್ಟೊತ್ತಿಗೆ ಹೋಟೆಲ್ ಗಲ್ಲಾದಲ್ಲಿ ಕೂತಿರಬೇಕಿತ್ತು.

ನಾನು ಇಲ್ಲಿ ಕಾಮರ್ಸ್ ಪಾಠ ಮಾಡುವವನು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಕೇಳುತ್ತೇನೆ, ಸ್ವಂತ ಬಿಸಿನೆಸ್ ಯಾರಿಗೆ ಬೇಕು ಅಂತ. ಕೈ ಎತ್ತುವವರಲ್ಲಿ ಸಂಬಳದ ಮನೆಯ ಮಕ್ಕಳೇ ಜಾಸ್ತಿ. ಮುಂಬೈಯಲ್ಲಿ ಹೋಟೆಲ್ ಇರುವವರ ಮಗ ಸುಮ್ನೆ ಕೂತಿರುತ್ತಾನೆ. ಒಬ್ಬ ಹೇಳಿದ, "ಸರ್, ಅಪ್ಪ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುತ್ತಾರೆ. ನೀನಾದರೂ ಎಸಿಯಲ್ಲಿ ಕೂತ್ಕೋ ಅಂತಾರೆ." ಮನೆಯಲ್ಲಿ ವ್ಯಾಪಾರ ಇದ್ದರೆ ಸಾಲದು. ಊಟಕ್ಕೆ ಕೂತಾಗ ಅದರ ಬಗ್ಗೆ ಏನು ಮಾತಾಡುತ್ತಾರೆ ಅನ್ನುವುದೇ ಮುಖ್ಯ.

ಸಂಶೋಧಕರು ಈ ಆಸೆಯನ್ನು ಅಳೆಯುವುದು ಹೆಚ್ಚಾಗಿ ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಸಿದ್ಧಾಂತದಿಂದ. ಅದರಲ್ಲಿ ಮೂರೇ ಪ್ರಶ್ನೆ: ನನಗೆ ಇಷ್ಟವಾ, ನಮ್ಮವರು ಏನಂತಾರೆ, ನನ್ನ ಕೈಲಾಗುತ್ತದಾ. ಲಿನ್ಯಾನ್ ಮತ್ತು ಚೆನ್ ಎಂಬ ಸಂಶೋಧಕರು 2009ರಲ್ಲಿ ಇದನ್ನೇ ಸ್ಪೇನ್, ತೈವಾನ್‌ಗಳ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ನಮ್ಮವರ ಮಾತು ನೇರವಾಗಿ ನಿರ್ಧಾರಕ್ಕೆ ತಾಗಲಿಲ್ಲ. ಆದರೆ ಇಷ್ಟಕ್ಕೂ ಧೈರ್ಯಕ್ಕೂ ನೀರೆರೆದದ್ದು ಅದೇ. ನನ್ನ ಕ್ಲಾಸಿನಲ್ಲಿ ಕಂಡದ್ದೂ ಇದೇ, ಅಲ್ವಾ?

ದುಡ್ಡಿನ ಮಾತೂ ಇದೆ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರುವಾದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಬಂತು. ಬ್ಯಾಂಕಿನವರೇ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆದು ಹೋಗುತ್ತಿದ್ದರು. ಗೂಡಂಗಡಿಯವನಿಗೂ ಬಂಡವಾಳ ದೂರದ ಮಾತಾಗಿ ಉಳಿಯಲಿಲ್ಲ. ನಮ್ಮ ಕಡೆಯ ಉದ್ಯಮದ ಆಸೆಯನ್ನು ಬರೀ 'ಸಂಸ್ಕೃತಿ' ಅಂದರೆ ಆ ಬ್ಯಾಂಕುಗಳಿಗೆ ಅನ್ಯಾಯ.

ಒಬ್ಬಳು ವಿದ್ಯಾರ್ಥಿನಿಯ ಅಮ್ಮ ಬೀಡಿ ಕಟ್ಟುತ್ತಿದ್ದರು. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಹಲಸಿನ ಹಪ್ಪಳ ಶುರು ಮಾಡಿದರು. ಆಟಿ ತಿಂಗಳ ಮಳೆಗೆ ದಾಸ್ತಾನಿಗೆಲ್ಲ ಬೂಷ್ಟು ಹಿಡಿಯಿತು. ಸಂಘದವರು ಬೈಯಲಿಲ್ಲ, ಕಂತಿಗೆ ಒಂದು ತಿಂಗಳು ಸಮಯ ಕೊಟ್ಟರು. ಮಗಳು ಇದನ್ನೆಲ್ಲ ನೋಡಿದ್ದಳು. ನನ್ನ ಕ್ಲಾಸಿನಲ್ಲಿ ಕೈ ಎತ್ತಿದವಳಲ್ಲ. ಮೊನ್ನೆ ಫೋನ್ ಮಾಡಿದ್ದಳು, ಉಪ್ಪಿನಕಾಯಿ ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಹೇಗೆ ಮಾಡಿಸುವುದು ಸರ್ ಅಂತ.