ಆಪ್ತಸಲಹೆ ಪ್ರಕರಣ: ತವರಿಗೆ ಬರದ ಮಗಳು

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮಂಡ್ಯ ಕಡೆಯ ರೈತರು, ವಯಸ್ಸು 72. ರಾಮಣ್ಣ ಎಂದಿಟ್ಟುಕೊಳ್ಳೋಣ. ಮಗಳು ಸುಮಾ, 45, ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಅಪ್ಪನ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಗೌರಿ ಹಬ್ಬಕ್ಕೆ ಬಾಗಿನದ ದುಡ್ಡು ಫೋನ್‌ಪೇಯಲ್ಲಿ ಬರುತ್ತಿತ್ತು, ಅದೇ ದಿನ ವಾಪಸ್ ಹೋಗುತ್ತಿತ್ತು. ಮಾತೇನಿದ್ದರೂ ಅವ್ವನ ಜೊತೆ ಮಾತ್ರ.

ರಾಮಣ್ಣ ನನ್ನ ಹತ್ತಿರ ಬಂದಾಗ ಕೇಳಿದ್ದು ಒಂದೇ. "ಮೇಡಂ, ಅವಳು ಮೊದಲಿನ ಹಾಗೆ ಯಾವಾಗ ಆಗ್ತಾಳೆ?" ಬಹಳ ತಂದೆತಾಯಂದಿರು ಇದನ್ನೇ ಕೇಳುತ್ತಾರೆ. ಆದರೆ ಆ "ಮೊದಲು" ಮಕ್ಕಳಿಗೆ ಹೇಗಿತ್ತು ಅಂತ ಯಾರೂ ಕೇಳಿರುವುದಿಲ್ಲ.

ನಡೆದದ್ದು ಇಷ್ಟು. 2014ರಲ್ಲಿ ಮಗನಿಗೆ ಜಮೀನಿನ ಮೇಲೆ ಸಾಲ ಬೇಕಿತ್ತು. "ಪಹಣಿ ಕೆಲಸ ಇದೆ, ಒಂದು ಸಹಿ ಬೇಕು, ಬಂದು ಹೋಗವ್ವ" ಅಂತ ಮಗಳನ್ನು ಕರೆಸಿದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹೊತ್ತಿಗೆ ಸುಮಾ ಕಾಗದದ ತಲೆಬರಹ ಓದಿದಳು. ಹಕ್ಕು ಬಿಡುಗಡೆ ಪತ್ರ, ಅಂದರೆ ಜಮೀನಿನಲ್ಲಿ ತನ್ನ ಪಾಲು ಬಿಟ್ಟುಕೊಡುವ ಪತ್ರ. ಹಿಂದೆ ಸಾಲಿನಲ್ಲಿ ಊರಿನವರೇ ನಿಂತಿದ್ದರು, ಅಣ್ಣ ಗಡಿಯಾರ ನೋಡುತ್ತಿದ್ದ, ಅಪ್ಪ ಗೋಡೆ ಕಡೆ ಮುಖ ಮಾಡಿದ್ದರು. ಅವಳು ಸಹಿ ಹಾಕಿದಳು. ಹೊರಗೆ ಬಂದ ಮೇಲೆ ಅಣ್ಣ ಎಲ್ಲರಿಗೂ ಎಳನೀರು ಕೊಡಿಸಿದ. ಆ ಎಳನೀರನ್ನು ಸುಮ್ನೆ ಕುಡಿದೆನಲ್ಲ ಅನ್ನೋ ಸಂಕಟ ಅವಳಿಗೆ ಈಗಲೂ ಇದೆ.

ಆರು ವರ್ಷ ನುಂಗಿಕೊಂಡಳು. ಹಬ್ಬಕ್ಕೆ ಹೋದಳು, ಬಂದಳು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲೇಬೇಕೆಂದಿಲ್ಲ. ಟಿವಿಯಲ್ಲಿ ಅದನ್ನು ನೋಡಿ ಅಪ್ಪನಿಗೆ ಫೋನ್ ಮಾಡಿದಳು. "ಅವತ್ತು ನನಗೆ ಯಾಕೆ ಸುಳ್ಳು ಹೇಳಿದೆ ಅಪ್ಪ?" ಅಂತ ಕೇಳಿದಳು. ಅಪ್ಪ ಹೇಳಿದ್ದು: "ನಿನ್ನ ಮದುವೆಗೆ ಸುರಿದಿದ್ದು ಪಾಲಲ್ವಾ? ಯಾರು ನಿನ್ನ ತಲೆ ಕೆಡಿಸಿದ್ದು, ನಿನ್ನ ಗಂಡನಾ?" ಮಾತು ನಿಂತದ್ದು ಅಲ್ಲಿಗೆ.

ರಾಮಣ್ಣ ಕೆಟ್ಟವರಲ್ಲ. ಅವರ ಕಾಲದಲ್ಲಿ ಹೆಣ್ಣುಮಕ್ಕಳು ಸಹಿ ಹಾಕಿಕೊಟ್ಟು, ಸೀರೆ ಉಟ್ಟು, ಅರಿಶಿನ ಕುಂಕುಮ ತಗೊಂಡು ಹೋಗುತ್ತಿದ್ದರು. "ನನ್ನ ಮೂವರು ತಂಗಿಯರೂ ತುಟಿಪಿಟಿಕ್ ಅನ್ನದೆ ಬರ್ಕೊಟ್ರು ಮೇಡಂ" ಅಂದರು. "ಆ ಮೂವರಲ್ಲಿ ಈಗ ನಿಮ್ಮ ಮನೆಗೆ ಯಾರ್ಯಾರು ಬರ್ತಾರೆ?" ಅಂತ ಕೇಳಿದೆ. ಅವರು ತುಂಬಾ ಹೊತ್ತು ಟವಲ್ಲಿನ ಅಂಚನ್ನು ಮಡಚುತ್ತಾ ಕೂತರು. "ಒಬ್ಬಳು. ಅದೂ ತಿಥಿಗೆ" ಅಂದರು. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಆಗ.

ಸುಮಾಳನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. ಅವಳ ಮಾತು ಹಾಗೇ ಬರೆಯುತ್ತೇನೆ: "ಜಮೀನು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಕೇಳಿದ್ದರೆ ಕೊಡ್ತಿದ್ದೆನೋ ಏನೋ. ಕೇಳಲೇ ಇಲ್ಲ." ಪಾಲು ಬಿಟ್ಟುಕೊಟ್ಟ ಮಗಳನ್ನು ಮಾತ್ರ ಒಳ್ಳೆಯವಳು ಅನ್ನುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಪಾಲು ಬಯಸುವುದು ದುರಾಸೆ ಅಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಬಂತು.

ನಾನು ಮೊದಲು ಕೊಟ್ಟ ಸಲಹೆ, ಆಸ್ತಿಯ ಮಾತನ್ನೂ ಸಂಬಂಧದ ಮಾತನ್ನೂ ಬೇರೆ ಬೇರೆ ಜಾಗದಲ್ಲಿ ಆಡಿ ಅಂತ. ಆಸ್ತಿಗೆ ವಕೀಲರು. ಮೋಸದಿಂದ ಮಾಡಿಸಿಕೊಂಡ ಪತ್ರ ರದ್ದು ಮಾಡಿಸಬೇಕಾದರೆ ಸಾಮಾನ್ಯವಾಗಿ ವಿಷಯ ಗೊತ್ತಾದ 3 ವರ್ಷದೊಳಗೆ ದಾವೆ ಹೂಡಬೇಕು. ಸುಮಾಳಿಗೆ ಆ ಅವಧಿ ಯಾವಾಗಲೋ ಮುಗಿದಿತ್ತು, ಆದರೂ ಒಬ್ಬ ವಕೀಲರ ಬಾಯಲ್ಲೇ ಕೇಳಿ ಬಾ ಅಂತ ಕಳಿಸಿದೆ. ರಾಮಣ್ಣನಿಗೆ ಯಾರೋ ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಿ ಅಂದಿದ್ದರಂತೆ. ಊಟಕ್ಕೆ, ಔಷಧಿಗೆ ಗತಿ ಇಲ್ಲದ ತಂದೆತಾಯಿಗೆ ಅದು ದೊಡ್ಡ ಆಸರೆ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆದರೆ ಇವರಿಗೆ ಬೇಕಾಗಿದ್ದದ್ದು ಜೀವನಾಂಶ ಅಲ್ಲ. ನೋಟಿಸ್ ಹೋಗಿದ್ದರೆ ಅವ್ವನ ಫೋನೂ ನಿಂತುಹೋಗುತ್ತಿತ್ತು.

ಆಮೇಲೆ ಪತ್ರ. ಮಗಳಿಗೆ ಒಂದು ಕಾಗದ ಬರೆಯಿರಿ ಅಂದೆ. ಮೊದಲು ಬರೆದು ತಂದದ್ದರಲ್ಲಿ ಎರಡು ಪುಟ ತುಂಬಾ ಅವಳ ಓದಿಗೆ, ಮದುವೆಗೆ, ಬಾಣಂತನಕ್ಕೆ ಪಟ್ಟ ಕಷ್ಟ ಇತ್ತು, ಕೊನೆಯಲ್ಲಿ "ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು, ಆದರೆ" ಅಂತ ಇತ್ತು. ತಪ್ಪೇನು ಅಂತ ಗೊತ್ತಿದ್ದೂ "ಏನಾದರೂ" ಅಂದರೆ ಓದುವವರಿಗೆ ಇನ್ನಷ್ಟು ನೋವಾಗುತ್ತದೆ. ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಷ್ಟೇ ಬರೆಯಿರಿ, ಕಷ್ಟದ ಲೆಕ್ಕ ಬೇಡ, ಏನನ್ನೂ ಕೇಳಬೇಡಿ ಅಂದೆ. ಅವರಿಗೆ ಸಿಟ್ಟು ಬಂತು. "ಅಪ್ಪ ಆದವನು ಮಗಳ ಮುಂದೆ ತಲೆ ಬಗ್ಗಿಸಬೇಕಾ?" ಅಂದರು. ಬಗ್ಗಿಸಬೇಕು, ತಪ್ಪು ನಿಮ್ಮದಲ್ವಾ ಅಂದೆ. ಮುಂದಿನ ಸಲ ತಂದದ್ದು ನಾಲ್ಕು ಸಾಲು:

"ಅವ್ವಾ, ಪಹಣಿ ಕೆಲಸ ಅಂತ ಸುಳ್ಳು ಹೇಳಿ ನಿನ್ನನ್ನ ಕರೆಸಿದೆ. ನಿಜ ಹೇಳಿದ್ರೆ ನೀನು ಒಪ್ಪಲ್ಲ ಅಂತ ಭಯ ಇತ್ತು. ಮದುವೆ ಖರ್ಚನ್ನ ಪಾಲು ಅಂದದ್ದು, ನಿನ್ನ ಗಂಡನನ್ನ ಮಧ್ಯೆ ಎಳೆದದ್ದು ತಪ್ಪು. ನೀನು ಉತ್ತರ ಬರೀದಿದ್ರೂ ಸರಿ."

ಇದರ ಜೊತೆಗೇ ಮಂಡ್ಯದಲ್ಲಿರುವ ಸೈಟು ಅವಳಿಗೆ ಬರೀತೀನಿ ಅಂತಲೂ ಸೇರಿಸಲು ಹೊರಟಿದ್ದರು. ಅದು ಅವರ ಸ್ವಂತ ದುಡಿಮೆಯದು, ಯಾರಿಗೆ ಬೇಕಾದರೂ ಕೊಡಬಹುದು. ಆದರೂ ಈ ಕಾಗದದಲ್ಲಿ ಬೇಡ ಅಂದೆ. ಕ್ಷಮೆಯ ಪಕ್ಕದಲ್ಲಿ ಸೈಟು ಇಟ್ಟರೆ ಅದು ವ್ಯಾಪಾರದ ಹಾಗೆ ಕಾಣುತ್ತದೆ, ಅದನ್ನು ಆಮೇಲೆ ಮಗನೂ ಎದುರಿಗಿರುವಾಗ ವಕೀಲರ ಮುಂದೆ ಮಾಡಿ.

ಅವ್ವನಿಗೂ ಒಂದು ಮಾತು ಹೇಳಬೇಕಿತ್ತು. ಅಪ್ಪ ಹೀಗಂದರು, ಅವಳು ಹಾಗಂದಳು ಅಂತ ಆಕೆ ಇಬ್ಬರ ಮಾತನ್ನೂ ಸ್ವಲ್ಪ ಸಿಹಿ ಬೆರೆಸಿ ಸಾಗಿಸುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅದರಿಂದ ಇಬ್ಬರಿಗೂ ನೇರ ಮಾತಾಡುವ ಅಗತ್ಯವೇ ಬೀಳಲಿಲ್ಲ. ನಿಲ್ಲಿಸಿ, "ನೀನೇ ಕೇಳು" ಅನ್ನಿ ಅಂದೆ. ಅಪ್ಪನಿಗೆ ಬಿಪಿ ಜಾಸ್ತಿ ಆಗಿದೆ, ಬಾ ಅಂತ ಹೆದರಿಸಿ ಕರೆಸುವುದೂ ಬೇಡ. ಹೆದರಿ ಬಂದ ಮಗಳು ಬಸ್ ಹತ್ತುವವರೆಗೆ ಮಾತ್ರ ಮಗಳಾಗಿರುತ್ತಾಳೆ.

ಸುಮಾಳಿಗೆ ಕ್ಷಮಿಸು ಅಂತ ನಾನು ಹೇಳಲಿಲ್ಲ. ಮೂರು ವಿಷಯ ಮಾತ್ರ ನೀನೇ ತೀರ್ಮಾನಿಸು ಅಂದೆ: ಅಪ್ಪನ ಜೊತೆ ಎಷ್ಟು ಹೊತ್ತು ಮಾತಾಡಬಲ್ಲೆ, ಯಾವ ಮಾತು ಬಂದರೆ ಫೋನ್ ಇಡುತ್ತೀಯ, ಊರಿಗೆ ಹೋಗುತ್ತೀಯಾ ಅಥವಾ ಅವರೇ ಬರಲಾ. ಅವಳು ಭಾನುವಾರ ಹತ್ತು ನಿಮಿಷ ಅಂದಳು. ಮದುವೆ ಖರ್ಚಿನ ಮಾತು ಬಂದರೆ ಇಡುತ್ತೇನೆ ಅಂದಳು. ಒಮ್ಮೆ ಬಂತು, ಇಟ್ಟಳು. ಮುಂದಿನ ಭಾನುವಾರ ತಾನೇ ಮಾಡಿದಳು.

ಇದು ಎಲ್ಲ ಮನೆಗೂ ಹೊಂದುವ ದಾರಿ ಅಲ್ಲ. ಹೊಡೆತ, ಲೈಂಗಿಕ ಹಿಂಸೆ ಇದ್ದ ಮನೆಯಾದರೆ ದೂರ ಇರುವುದೇ ಸರಿಯಾಗಿರಬಹುದು, ಅಂಥವರನ್ನು ರಾಜಿಗೆ ಒತ್ತಾಯಿಸಬಾರದು. ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಿರಿಯರಿಗೆ 14567 ಸಹಾಯವಾಣಿ ಇದೆ.

ರಾಮಣ್ಣ ಒಮ್ಮೆ ಮೈಸೂರಿಗೆ ಹೋಗಿ ಮಗಳ ಮನೆಯಲ್ಲಿ ಊಟ ಮಾಡಿ ಬಂದಿದ್ದಾರೆ. ಅಳಿಯನ ಹತ್ತಿರ ತಾವೇ ಮಾತು ತೆಗೆದರಂತೆ. ಸುಮಾ ಊರಿಗೆ ಇನ್ನೂ ಹೋಗಿಲ್ಲ, ಹೋಗುತ್ತೇನೆ ಅಂತಲೂ ಹೇಳಿಲ್ಲ. ಸೈಟಿನ ವಿಷಯ ವಕೀಲರ ಹತ್ತಿರ ಇದೆ. ಅಣ್ಣನ ಜೊತೆ ಮಾತು ಶುರುವೇ ಆಗಿಲ್ಲ. ಅವನ ಪಾಲಿನ ತಪ್ಪನ್ನು ಅಪ್ಪ ಹೊರಲು ಆಗುವುದಿಲ್ಲ, ಅವನೇ ಬರಬೇಕು ಅಂತ ಹೇಳಿ ಕಳಿಸಿದ್ದೇನೆ.