ಆರ್ಕ್ಟಿಕ್ ಗಣಿಯಲ್ಲಿ ಎಣ್ಣೆ ಚೆಲ್ಲದಂತೆ ಕಾಯುವ ಕೆಲಸ: ಬರೋದಾ, ಬೇಡವಾ?

ಮಂಗಳೂರಿನಿಂದ ಕೇಳಿದ್ದೀರಿ. ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ಒಂದು ಗಣಿಯಿಂದ ಸ್ಪಿಲ್ ರೆಸ್ಪಾನ್ಸ್, ಅಂದರೆ ಎಣ್ಣೆ ಚೆಲ್ಲಿದರೆ ನಿಭಾಯಿಸುವ ಕೆಲಸದ ಆಫರ್ ಬಂದಿದೆ, ಆ ಚಳಿ ತಡೆಯೋಕಾಗುತ್ತಾ, ಚೆಲ್ಲಿದ ಎಣ್ಣೆ ಒರೆಸೋದಕ್ಕೆ ಇಂಜಿನಿಯರ್ ಯಾಕೆ ಬೇಕು ಅಂತ. ನಾನು ಸಂಡೂರಿನವನು. ಒಂಬತ್ತು ವರ್ಷದಿಂದ ಅದೇ ಸೀಮೆಯಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಮನೆ ಒಟ್ಟಾವಾದಲ್ಲಿ. ಎರಡು ವಾರ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ. ಕಂಪನಿ ಹೆಸರು ಬೇಡ ಬಿಡಿ.

ಚಳಿಯ ಮಾತು ಮೊದಲು ಮುಗಿಸುತ್ತೇನೆ. ಮೈನಸ್ 40ಕ್ಕೆ ಹೋಗುತ್ತದೆ, ದಪ್ಪ ಬಟ್ಟೆ ಕಂಪನಿಯೇ ಕೊಡುತ್ತದೆ, ಒಂದು ಚಳಿಗಾಲ ಕಳೆದರೆ ಅಭ್ಯಾಸವಾಗುತ್ತದೆ. ಚಳಿಗಾಲದ ಆ ಉದ್ದ ಕತ್ತಲಿಗೆ ಮಾತ್ರ ಅಭ್ಯಾಸ ಆಗಿಲ್ಲ, ನನಗೆ ಇವತ್ತಿಗೂ. ಕ್ಯಾಂಪಿನಲ್ಲಿ ಮದ್ಯ ಇಲ್ಲ. ಊಟ ಬೇಕಾದಷ್ಟು, ಖಾರ ಇಲ್ಲ.

ಈಗ ಕೆಲಸ. ಗಣಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಇಡೀ ವರ್ಷದ ಡೀಸೆಲ್ ಬರುವುದು ಹಡಗಿನಲ್ಲಿ, ಅದೂ ಮಂಜುಗಡ್ಡೆ ಬಿಡುವು ಕೊಡುವ ಜುಲೈ ಕೊನೆಯಿಂದ ಅಕ್ಟೋಬರ್ ಒಳಗೆ. ಕರೆಂಟು, ಲಾರಿ, ನಮ್ಮ ರೂಮಿನ ಬಿಸಿ, ಎಲ್ಲ ಅದರ ಮೇಲೇ. ಟ್ಯಾಂಕರ್ ದಡದಿಂದ ದೂರ ಲಂಗರು ಹಾಕುತ್ತದೆ, ಅಲ್ಲಿಂದ ನೀರಿನ ಮೇಲೆ ತೇಲುವ ಪೈಪಿನಲ್ಲಿ ಎಣ್ಣೆ ದಡದ ಟ್ಯಾಂಕಿಗೆ ಬರುತ್ತದೆ. ಹಡಗಲ್ಲೊಬ್ಬ, ದಡದಲ್ಲೊಬ್ಬ, ಟ್ಯಾಂಕ್ ಹತ್ತಿರ ಒಬ್ಬ, ಎಲ್ಲರ ಕೈಯಲ್ಲೂ ರೇಡಿಯೋ.

ಮೊದಲ ಎರಡು ಬೇಸಿಗೆ ನಾನು ಮಾಡಿದ್ದು ಅಷ್ಟೇ. ಒಂದು ಜಾಯಿಂಟ್ ನೋಡುತ್ತಾ ಹನ್ನೆರಡು ಗಂಟೆ ನಿಂತೆ. ಒಂದು ದಿನ ಬೆಳಗಿನ ಜಾವ, ಅಲ್ಲಿ ಜಾವ ಅಂದರೂ ಬಿಸಿಲೇ, ಬೋಲ್ಟಿನ ಕೆಳಗೆ ಒಂದು ಹನಿ ಕಂಡಿತು. ಕಾಮನಬಿಲ್ಲಿನ ಬಣ್ಣ. ರೇಡಿಯೋದಲ್ಲಿ ಸ್ಟಾಪ್ ಅಂದೆ. ಪಂಪು ನಿಂತಿತು, ಹಡಗು ಕಾದಿತು, ಮೂರು ಗಂಟೆ ಬಿಚ್ಚಿ ನೋಡಿದರು. ಮಂಜಿನ ನೀರು, ಯಾರದೋ ಕೈಯ ಗ್ರೀಸು. ನಾಚಿಕೆಯಿಂದ ಸತ್ತೇ ಹೋದೆ. ಯಾರೂ ಬೈಯಲಿಲ್ಲ. ಇಂಜಿನಿಯರ್ ಯಾಕೆ ಅಂದಿರಲ್ವಾ, ಇದಕ್ಕೇ. ಒಂದು ಹನಿ ನೋಡಿ ಹಡಗು ನಿಲ್ಲಿಸುವ ಧೈರ್ಯ ಬೇಕು, ಯಾಕೆ ನಿಲ್ಲಿಸಿದೆ ಅಂತ ಬರೆದು ಸಹಿ ಹಾಕೋಕೂ ಬರಬೇಕು.

ಇಷ್ಟು ಹೆದರಿಕೆ ಯಾಕೆ ಅಂದರೆ, ಸಹಾಯ ದೂರ. ಕೆನಡಾದಲ್ಲಿ 60 ಡಿಗ್ರಿ ಅಕ್ಷಾಂಶದ ಕೆಳಗೆ ಎಣ್ಣೆ ಚೆಲ್ಲಿದರೆ ಓಡಿ ಬರಲು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಗಳಿವೆ. ಅದರ ಮೇಲೆ, ನಮ್ಮ ಗಣಿ ಇರುವ ಕಡೆ, ಇಲ್ಲ. ಕೋಸ್ಟ್ ಗಾರ್ಡ್ ಐಸ್‌ಬ್ರೇಕರ್‌ಗಳು, ಅಂದರೆ ಮಂಜುಗಡ್ಡೆ ಒಡೆಯುವ ಹಡಗುಗಳು, ಬೇಸಿಗೆಯಲ್ಲಿ ಓಡಾಡುತ್ತವೆ, ಆದರೆ ಅಷ್ಟುದ್ದದ ಕರಾವಳಿಗೆ ಅವು ಕೈಬೆರಳಲ್ಲಿ ಎಣಿಸುವಷ್ಟು. ಧ್ರುವ ಪ್ರದೇಶದ ಹಡಗುಗಳಿಗೆ 2017ರ ಜನವರಿಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮ, ಪೋಲಾರ್ ಕೋಡ್, ಹಡಗು ಬಿಟ್ಟು ಇಳಿದವರು ಕನಿಷ್ಠ 5 ದಿನ ಬದುಕಿರುವಂತೆ ಸಾಮಾನು ಇಟ್ಟಿರಬೇಕು ಅನ್ನುತ್ತದೆ. ಐದು ದಿನ ಯಾರೂ ಬರದೇ ಇರಬಹುದು ಅಂತ ನಿಯಮ ಬರೆದವರೇ ಒಪ್ಪಿಕೊಂಡ ಹಾಗಾಯಿತು.

ನೆಲದ ಮೇಲೆ ಚೆಲ್ಲಿದರೆ ಪರವಾಗಿಲ್ಲ, ಚಳಿಗಾಲದಲ್ಲಂತೂ ಹಿಮವೇ ಡೀಸೆಲ್ ಹೀರಿಕೊಳ್ಳುತ್ತದೆ. ಸಲಿಕೆಯಲ್ಲಿ ಬಾಚಿ ಡ್ರಮ್ಮಿಗೆ ತುಂಬಿ ಕರಗಿಸಿದರೆ ಸಾರಿನ ಒಗ್ಗರಣೆ ಹಾಗೆ ಎಣ್ಣೆ ಮೇಲೆ ನಿಲ್ಲುತ್ತದೆ. ಸಮುದ್ರದಲ್ಲಿ ಹಾಗಲ್ಲ. ಬೂಮ್ ಅನ್ನೋದು ತೇಲುವ ಬೇಲಿ, ಮಂಜುಗಡ್ಡೆ ತಳ್ಳಿದರೆ ಹರಿದೇ ಹೋಗುತ್ತದೆ. ಎಣ್ಣೆ ಎತ್ತುವ ಸ್ಕಿಮ್ಮರ್ ಬಾಯಿಗೆ ಐಸ್ ಚೂರು ಕಟ್ಟಿಕೊಳ್ಳುತ್ತದೆ. ಗಡ್ಡೆಯ ಅಡಿಗೆ ಹೋದ ಎಣ್ಣೆ ಚಳಿಗಾಲವಿಡೀ ಅಲ್ಲೇ ಸಿಕ್ಕಿಕೊಂಡಿದ್ದು, ಗಡ್ಡೆ ತೇಲಿದ ಕಡೆ ತಾನೂ ಹೋಗಿ, ಬೇಸಿಗೆಯಲ್ಲಿ ಎಲ್ಲೋ ಹೊರಬರುತ್ತದೆ. ಹಡಗಿನ ಇಂಜಿನ್ನಿಗೆ ಹಾಕುವ ಮಂದ ಎಣ್ಣೆ, ಹೆವಿ ಫ್ಯೂಯೆಲ್ ಆಯಿಲ್, ಆದರೆ ಇನ್ನೂ ಕಷ್ಟ, ತಣ್ಣಗಾದರೆ ಅದು ಡಾಂಬರು. ಆರ್ಕ್ಟಿಕ್‌ನಲ್ಲಿ ಅದಕ್ಕೆ 2024ರ ಜುಲೈ 1ರಿಂದ ನಿಷೇಧ ಬಂದಿದೆ, ಆದರೆ ಕೆಲವು ಹಡಗುಗಳಿಗೆ 2029ರವರೆಗೂ ವಿನಾಯಿತಿ. ಇಷ್ಟು ವರ್ಷ ಯಾಕೆ ಬೇಕೋ!

ಇನ್ನು ಟ್ಯಾಂಕು. 2020ರ ಮೇ ತಿಂಗಳಲ್ಲಿ ರಷ್ಯಾದ ನೊರಿಲ್ಸ್ಕ್‌ನಲ್ಲಿ ಒಂದು ಟ್ಯಾಂಕ್ ಒಡೆದು ಸುಮಾರು 20 ಸಾವಿರ ಟನ್ ಡೀಸೆಲ್ ಸೋರಿತು, ಅಂಬರ್ನಾಯಾ ನದಿ ಕೆಂಪಾಯಿತು. ಅಂಥದ್ದು ಆಗಬಾರದು ಅಂತಲೇ ನಮ್ಮಲ್ಲಿ ಟ್ಯಾಂಕಿನ ಸುತ್ತ ಒಡ್ಡು, ಒಳಗೆ ಲೈನರ್, ಅಂದರೆ ಎಣ್ಣೆ ಇಂಗದ ಹಾಳೆ. ದೊಡ್ಡ ಟ್ಯಾಂಕ್ ಪೂರ್ತಿ ಖಾಲಿಯಾದರೂ ಹೊರಗೆ ಹೋಗಬಾರದು. ಮಳೆ ನೀರು, ಕರಗಿದ ಹಿಮ ಅದರಲ್ಲಿ ನಿಂತರೆ ಜಾಗ ಕಮ್ಮಿಯಾಗುತ್ತದೆ, ಅದನ್ನು ತೆಗೆಸೋದೂ ನಿಮ್ಮ ತಲೆನೋವು.

ಇನ್ನೊಂದು ವಿಷಯ, ಅಲ್ಲಿನ ಮೂಲನಿವಾಸಿ ಇನುಯಿಟ್ ಜನ. ಎಣ್ಣೆ ಚೆಲ್ಲಿದರೆ ಏನು ಮಾಡಬೇಕು ಅನ್ನೋ ಒಂದು ತಾಲೀಮಿನಲ್ಲಿ ನಕ್ಷೆ ನೋಡಿ ಬೂಮ್ ಎಲ್ಲಿ ಹಾಕಬೇಕು ಅಂತ ವಾದ ನಡೆದಿತ್ತು. ಅಲ್ಲಿನ ಹಿರಿಯರೊಬ್ಬರು ಸುಮ್ನೆ ನಿಂತು ಕೇಳಿದರು, ಆಮೇಲೆ ಬೂಟಿನ ತುದಿಯಿಂದ ಜಲ್ಲಿಯ ಮೇಲೆ ಒಂದು ಗೆರೆ ಎಳೆದರು. ಉಬ್ಬರ ಇಳಿಯುವಾಗ ನೀರು ಈ ಕಡೆ ತಿರುಗುತ್ತದೆ, ಸೀಲ್ ಬೇಟೆಗೆ ದೋಣಿ ಹಾಕುವುದೂ ಇಲ್ಲಿಂದಲೇ ಅಂದರು. ಕಿತ್ತಳೆ ಬಣ್ಣದ ಒಂದಷ್ಟು ಚೆಂಡು ನೀರಿಗೆ ಬಿಟ್ಟು ನೋಡಿದೆವು. ಅವರು ಹೇಳಿದ ಕಡೆಗೇ ಹೋದವು. ಎಣ್ಣೆ ಚೆಲ್ಲಿದರೆ ನಾವು ಫ್ಲೈಟ್ ಹತ್ತಿ ಮನೆಗೆ ಹೋಗುತ್ತೇವೆ, ಅವರ ಊಟ ಇರೋದು ಆ ನೀರಲ್ಲೇ. ಬಂದರೆ ಅವರ ಮಾತು ಮೊದಲು ಕೇಳಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಬನ್ನಿ. ಆದರೆ ಸಾಹಸದ ಆಸೆಗೆ ಬಂದರೆ ಎರಡನೇ ವಾರಕ್ಕೇ ಬೇಜಾರಾಗುತ್ತದೆ. ಒಂದು ಚೊಂಬು ಡೀಸೆಲ್ ಚೆಲ್ಲಿದರೂ ಮುಚ್ಚಿಡದೆ ಬರೆಯುವವರು ಇಲ್ಲಿ ಉಳಿಯುತ್ತಾರೆ. ಸಹಿ ಹಾಕುವ ಮುಂಚೆ ಕಂಪನಿಯನ್ನು ಮೂರು ಪ್ರಶ್ನೆ ಕೇಳಿ: ಹಿಂದಿನ ಸಲ ಬೂಮ್ ನಿಜವಾಗಿ ನೀರಿಗಿಳಿಸಿದ್ದು ಯಾವಾಗ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ತರಬೇತಿ ಆದವರು, ವಿಮಾನದಲ್ಲಿ ಹೋಗಿ ಬರುವ ದಿನಕ್ಕೆ ಸಂಬಳ ಇದೆಯಾ. ಮೂರನೆಯದು ಜಾಸ್ತಿ ಜನ ಕೇಳೋದೇ ಇಲ್ಲ, ನಾನೂ ಕೇಳಿರಲಿಲ್ಲ.