ಓದುಗರ ಪ್ರಶ್ನೆ: ಜೌಗಿನಲ್ಲಿ ಬಾತು ಬೇಟೆ, ಮೊದಲ ಸೀಸನ್

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದೇನೆ. ಈ ಸಲ ಜೌಗಿನಲ್ಲಿ ಬಾತು ಬೇಟೆ ಶುರು ಮಾಡುವ ಆಸೆ. ಸ್ನೇಹಿತರೊಬ್ಬರು ತಮ್ಮ ತಾತನ ಕಾಲದ 12 ಬೋರಿನ ಕೋವಿ ಕೊಡುತ್ತೇನೆ ಎನ್ನುತ್ತಾರೆ. ನಾಯಿ ಇಲ್ಲ. ಏನೇನು ಹೊಂದಿಸಿಕೊಳ್ಳಲಿ?

ಉತ್ತರ: ಕೋವಿ ಮುಟ್ಟುವ ಮೊದಲು ಲೈಸೆನ್ಸ್ ಮಾಡಿಸಿ. ತಾತ್ಕಾಲಿಕ ವೀಸಾದವರು ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಜೊತೆಗೆ ಎಚ್‌ಐಪಿ (ವಲಸೆ ಹಕ್ಕಿ ಬೇಟೆಗಾರರ ಹೆಸರು ದಾಖಲಿಸುವ ವ್ಯವಸ್ಥೆ) ನೋಂದಣಿ, 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್ (ನೀರುಹಕ್ಕಿ ಬೇಟೆಗೆ ಬೇಕಾದ ಪರವಾನಗಿ ಚೀಟಿ) ಬೇಕು. ಸೀಸನ್ನಿನ ದಿನ, ದಿನಕ್ಕೆಷ್ಟು ಹಕ್ಕಿ ಎಂಬುದನ್ನು ನಿಮ್ಮ ರಾಜ್ಯದ ಈ ವರ್ಷದ ನಿಯಮದಲ್ಲೇ ನೋಡಿ. (ಭಾರತದಲ್ಲಿರುವ ಓದುಗರು ಇದನ್ನು ಪ್ರಯೋಗಿಸಬಾರದು, ಇಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜೈಲು.)

ತಾತನ ಕೋವಿ ಬೇಡ. 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗೆ ಸೀಸದ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ನಿಷಿದ್ಧ. ಕೆಸರಿನಲ್ಲಿ ಬಿದ್ದ ಚರೆಯನ್ನು ಬಾತು ಕಲ್ಲಿನ ಹರಳೆಂದು ನುಂಗುತ್ತದೆ, ಅದು ಹೊಟ್ಟೆಯಲ್ಲಿ ಅರೆದು ವಿಷವಾಗುತ್ತದೆ. ಬದಲಿಗೆ ಬಳಸುವ ಉಕ್ಕಿನ ಚರೆ ಗಟ್ಟಿ. ಹಳೆಯ ಫುಲ್ ಚೋಕ್ ನಳಿಗೆ (ಚೋಕ್ ಎಂದರೆ ನಳಿಗೆಯ ತುದಿಯ ಬಿಗಿತ, ಫುಲ್ ಎಂದರೆ ಹೆಚ್ಚು ಬಿಗಿ) ಅದರಿಂದ ಉಬ್ಬಬಹುದು. ಉಕ್ಕಿಗೆ ಹೊಂದುವ ಈಗಿನ ಕೋವಿ, 3 ಇಂಚಿನ ತೋಟಾ, 2ನೇ ನಂಬರ್ ಗಾತ್ರದ ಚರೆ, ಮಾಡಿಫೈಡ್ (ಮಧ್ಯಮ ಬಿಗಿಯ) ಚೋಕ್, ಇಷ್ಟು ಸಾಕು. ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಮ್ಯಾಗಜೀನಿನಲ್ಲಿ (ಕೋವಿಯ ತೋಟಾ ತುಂಬುವ ಕೊಳವೆಯಲ್ಲಿ) ಪ್ಲಗ್ ಇರಲೇಬೇಕು.

ಉಳಿದ ದುಡ್ಡನ್ನು ಎದೆಮಟ್ಟದ ವೇಡರ್ಸ್‌ಗೆ (ನೀರಿನಲ್ಲಿ ನಡೆಯಲು ತೊಡುವ ಜಲನಿರೋಧಕ ಉಡುಪು) ಹಾಕಿ. ಸೊಂಟದ ಬೆಲ್ಟ್ ಬಿಗಿದಿರಲಿ. ಜಾರಿ ಬಿದ್ದರೆ ಕಾಲಿನೊಳಕ್ಕೆ ನೀರು ನುಗ್ಗುವುದನ್ನು ಅದೇ ತಡೆಯುವುದು. ಕೋಲಿನಿಂದ ತಳ ಒತ್ತಿ ನೋಡಿ ಹೆಜ್ಜೆ ಇಡಿ, ಜಾಗಕ್ಕೆ ತಲುಪಿದ ಮೇಲೆಯೇ ತೋಟಾ ತುಂಬಿ.

ನಾಯಿ ಇಲ್ಲದವರು ಜೊಂಡಿನ ಮೇಲೆ ಹಾರುವ ಹಕ್ಕಿಗೆ ಹೊಡೆಯಬಾರದು. ಅದು ಅಲ್ಲಿ ಬಿದ್ದರೆ ಸಿಕ್ಕುವುದಿಲ್ಲ. ತೆರೆದ ನೀರಿನ ಮೇಲಿರುವಾಗ ಮಾತ್ರ ಹೊಡೆಯಿರಿ. ಬಿದ್ದದ್ದು ತಲೆ ತಗ್ಗಿಸಿ ಈಜುತ್ತಿದ್ದರೆ ಬರಿ ಗಾಯವಾಗಿದೆ ಎಂದರ್ಥ; ಮುಳುಗುವ ಮೊದಲೇ ಇನ್ನೊಂದು ಗುಂಡು ಹಾರಿಸಿ, ತಕ್ಷಣ ಹೋಗಿ ತನ್ನಿ. ಆಮೇಲೆ ಮುಂದಿನ ಹಕ್ಕಿ.

ಪ್ರಶ್ನೆ: ಒಂದು ಡಜನ್ ಡಿಕಾಯ್ (ಹಕ್ಕಿಗಳನ್ನು ಸೆಳೆಯುವ ಹುಸಿ ಬಾತು) ತೇಲಿಬಿಟ್ಟಿದ್ದೇವೆ. ಬಾತುಗಳ ಗುಂಪು ಮೇಲೆ ಎರಡು ಸುತ್ತು ಹಾಕಿ ಹೊರಟುಹೋಗುತ್ತದೆ. ಇನ್ನಷ್ಟು ಡಿಕಾಯ್ ಬೇಕೇ?

ಉತ್ತರ: ಬೇಡ. ಸುತ್ತು ಹಾಕಿತೆಂದರೆ ಡಿಕಾಯ್ ನಂಬಿದೆ, ನಿಮ್ಮನ್ನು ಕಂಡು ಹೋಗಿದೆ. ಮೇಲೆತ್ತಿದ ಮುಖ ಬೆಳಕಿಗೆ ಹೊಳೆಯುತ್ತದೆ. ಮುಖಕ್ಕೆ ಬಲೆಬಟ್ಟೆ ಕಟ್ಟಿ, ಟೋಪಿಯ ಅಂಚಿನಡಿಯಿಂದ ಕಣ್ಣು ಮಾತ್ರ ಆಡಿಸಿ.

ಗಾಳಿಯನ್ನೂ ನೋಡಿ. ಬಾತು ಇಳಿಯುವುದು ಗಾಳಿಗೆ ಎದುರಾಗಿ. ಆದ್ದರಿಂದ ಗಾಳಿ ನಿಮ್ಮ ಬೆನ್ನಿಗೆ ಅಥವಾ ಭುಜಕ್ಕೆ ಬೀಸಬೇಕು. ಡಿಕಾಯ್‌ಗಳನ್ನು ಎರಡು ಗುಂಪು ಮಾಡಿ ಎಡಬಲಕ್ಕೆ ಬಿಡಿ, ನಡುವೆ ನಿಮ್ಮೆದುರಿಗೆ ಹತ್ತು ಹನ್ನೆರಡು ಗಜ ಖಾಲಿ ನೀರಿರಲಿ. ಇಳಿಯುವ ಜಾಗ ಅದೇ. ಒಂದು ಡಿಕಾಯನ್ನು ಅಳೆದು ಸರಿಯಾಗಿ 35 ಗಜದಲ್ಲಿಡಿ. ಅದರಾಚೆಯದಕ್ಕೆ ಕೋವಿ ಎತ್ತಬೇಡಿ. ಹೊಸಬರು ಗಾಯ ಮಾಡಿ ಕಳೆದುಕೊಳ್ಳುವ ಹಕ್ಕಿಗಳಲ್ಲಿ ಹೆಚ್ಚಿನವು ದೂರದವೇ.

ಗಾಳಿಯೇ ಇಲ್ಲದ ದಿನ ನೀರು ಕನ್ನಡಿಯಂತಿದ್ದು ಡಿಕಾಯ್ ಅಲುಗದೆ ನಿಂತರೂ ಬಾತಿಗೆ ಅನುಮಾನ. ಒಂದೆರಡಕ್ಕೆ ದಾರ ಕಟ್ಟಿ ಆಗಾಗ ಎಳೆಯಿರಿ. ಮತ್ತೆ, ಹತ್ತಿರ ಬರುತ್ತಿರುವ ಗುಂಪಿಗೆ ಬಾತಿನ ದನಿ ಹೊರಡಿಸುವ ಪೀಪಿ ಊದಬೇಡಿ. ದೂರ ಸರಿಯುತ್ತಿದ್ದರೆ ಮಾತ್ರ ಊದಿ.